ಮೈಲುತುತ್ತದ ಹರಳಿನ ಸಾಂದ್ರತೆ ಅಳೆಯುವಾಗ ಸೀಮೆಎಣ್ಣೆಗೆ ಯಾವ ಬೆಲೆ ಹಿಡಿಯಬೇಕು?

ಪ್ರಶ್ನೆ: ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ

ನಾನು ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುತ್ತೇನೆ. ಆರ್ಕಿಮಿಡೀಸನ ತತ್ತ್ವದ ಪಾಠ ಮುಗಿದ ಮೇಲೆ ಒಂಬತ್ತನೆಯ ತರಗತಿಯ ಮಕ್ಕಳು ಕಲ್ಲು, ಕಬ್ಬಿಣದ ಬೋಲ್ಟು ಮುಂತಾದವನ್ನು ಗಾಳಿಯಲ್ಲೊಮ್ಮೆ, ನೀರಿನಲ್ಲೊಮ್ಮೆ ತೂಗಿ, ತೂಕದಲ್ಲಾದ ಇಳಿಕೆಯಿಂದ ಅವುಗಳ ಸಾಂದ್ರತೆಯನ್ನು ಲೆಕ್ಕ ಹಾಕಿದ್ದಾರೆ. ಈಗ ತಾವೇ ಬೆಳೆಸಿದ ಮೈಲುತುತ್ತದ ಹರಳಿನ ಸಾಂದ್ರತೆಯನ್ನೂ ಹೀಗೆಯೇ ಕಂಡುಹಿಡಿಯಬೇಕೆಂಬುದು ಅವರ ಆಸೆ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ತಯಾರಿಸಲು ಮನೆಗೆ ತಂದಿದ್ದ ಮೈಲುತುತ್ತದಲ್ಲಿ ಒಂದಿಷ್ಟನ್ನು ಒಬ್ಬ ಹುಡುಗ ಶಾಲೆಗೆ ತಂದುಕೊಟ್ಟಿದ್ದ. ಅದರ ಪರ್ಯಾಪ್ತ ದ್ರಾವಣದಲ್ಲಿ ಸಣ್ಣ ಹರಳನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು ಬೆಳೆಸಿದವುಗಳಲ್ಲಿ ಅತಿ ದೊಡ್ಡದು ಎರಡು ಸೆಂಟಿಮೀಟರಿಗೂ ಮಿಕ್ಕಿ ಅಗಲವಾಗಿದೆ.

ಮೈಲುತುತ್ತ ನೀರಿನಲ್ಲಿ ಕರಗುವುದರಿಂದ ಅದನ್ನು ಸೀಮೆಎಣ್ಣೆಯಲ್ಲಿ ತೂಗಬೇಕೆಂದು ಪುಸ್ತಕಗಳು ಹೇಳುತ್ತವೆ. ತೊಡಕು ಬಂದಿರುವುದು ಅಲ್ಲಿಯೇ. ಸೀಮೆಎಣ್ಣೆಯ ಸಾಪೇಕ್ಷ ಸಾಂದ್ರತೆಯನ್ನು ಒಂದು ಪುಸ್ತಕ 0.78 ಎಂದು ಕೊಟ್ಟಿದ್ದರೆ ಇನ್ನೊಂದು 0.82 ಎಂದು ಕೊಟ್ಟಿದೆ. ಇವುಗಳಲ್ಲಿ ಯಾವುದನ್ನು ಬಳಸುವುದು ಸರಿ? ಇನ್ನೊಂದು ತೊಂದರೆಯೂ ಇದೆ. ಶಾಲೆಯ ಸ್ಪ್ರಿಂಗ್ ತ್ರಾಸಿನಲ್ಲಿ ಗೆರೆಯಿಂದ ಗೆರೆಗೆ 5 ಗ್ರಾಂ ಅಂತರವಿದೆ, ನಮ್ಮ ಹರಳಿನ ತೂಕವೇ 20 ಗ್ರಾಂ ಒಳಗೆ. 500 ಗ್ರಾಂವರೆಗೆ 0.01 ಗ್ರಾಂ ನಿಖರತೆಯಲ್ಲಿ ತೋರಿಸುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯೊಂದು ನಮ್ಮಲ್ಲಿದೆ. ಆದರೆ ವಸ್ತುವನ್ನು ತೂಗುಹಾಕಲು ಅದಕ್ಕೆ ಕೊಕ್ಕೆಯಿಲ್ಲ. ಇಷ್ಟು ಸಾಮಗ್ರಿಯಿಂದ ನಂಬಬಹುದಾದ ಬೆಲೆಯೊಂದನ್ನು ಪಡೆಯುವುದು ಸಾಧ್ಯವೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.


ಉತ್ತರ: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ

ಮೇಡಂ, ತಾವು ಕೇಳಿದ ಎರಡು ಬೆಲೆಗಳಲ್ಲಿ ಯಾವುದನ್ನೂ ಬಳಸಬೇಡಿ. ಸೀಮೆಎಣ್ಣೆ ಒಂದೇ ರಾಸಾಯನಿಕ ವಸ್ತುವಲ್ಲ; ಅದು ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣವಾದ್ದರಿಂದ ಅದರ ಸಾಂದ್ರತೆ ಒಂದು ಸರಕಿನಿಂದ ಇನ್ನೊಂದು ಸರಕಿಗೆ ವ್ಯತ್ಯಾಸವಾಗುತ್ತದೆ, ಉಷ್ಣತೆಯೊಂದಿಗೂ ಬದಲಾಗುತ್ತದೆ. ಈ ವಿಧಾನದಲ್ಲಿ ದ್ರವವೆಂದರೆ ವಸ್ತುವನ್ನು ಮುಳುಗಿಸುವುದಕ್ಕೆ ಸಿಕ್ಕಿದ ಒಂದು ಅನುಕೂಲ ಮಾತ್ರವಲ್ಲ, ಘನವಸ್ತುವನ್ನು ಅಳೆಯುವ ಅಳತೆಗೋಲೇ ಅದು. ದ್ರವದ ಸಾಂದ್ರತೆಯಲ್ಲಿ ಶೇಕಡ ಎಷ್ಟು ದೋಷವಿದೆಯೋ ಅಷ್ಟೂ ದೋಷ ಒಂದಿಷ್ಟೂ ಕಡಿಮೆಯಾಗದೆ ಘನವಸ್ತುವಿನ ಸಾಂದ್ರತೆಗೆ ದಾಟುತ್ತದೆ. ನಿಮ್ಮ ಸೀಮೆಎಣ್ಣೆಯ ನಿಜವಾದ ಬೆಲೆ 0.80 ಎಂದಿಟ್ಟುಕೊಳ್ಳೋಣ. ಆಗ ಉಳಿದೆಲ್ಲ ಅಳತೆಗಳು ಸರಿಯಾಗಿದ್ದರೂ 0.78 ಹಿಡಿದವರಿಗೆ ಹರಳಿನ ಸಾಂದ್ರತೆ 2.22 ಬರುತ್ತದೆ, 0.82 ಹಿಡಿದವರಿಗೆ 2.34 ಬರುತ್ತದೆ. ಮೈಲುತುತ್ತಕ್ಕೆ, ಅಂದರೆ ಐದು ನೀರಿನ ಅಣುಗಳನ್ನು ಹೊಂದಿರುವ ತಾಮ್ರದ ಸಲ್ಫೇಟಿಗೆ, ಆಕರ ಕೋಷ್ಟಕಗಳಲ್ಲಿ ಕಾಣುವ ಬೆಲೆ 2.28ರಿಂದ 2.29ರ ಆಸುಪಾಸಿನದು.

ಆದ್ದರಿಂದ ಸೀಮೆಎಣ್ಣೆಯನ್ನೂ ನಿಮ್ಮ ಪ್ರಯೋಗದೊಳಗೇ ಅಳೆದುಬಿಡಬೇಕು. ಅದಕ್ಕೆ ಹೈಡ್ರೋಮೀಟರ್ ಬೇಕಿಲ್ಲ, ನೀರಿನಲ್ಲಿಯೂ ಸೀಮೆಎಣ್ಣೆಯಲ್ಲಿಯೂ ಕರಗದೆ ಮುಳುಗುವ ಯಾವುದಾದರೂ ಒಂದು ವಸ್ತು ಸಾಕು. ಗಾಜಿನ ಬಿರಡೆ ಅತ್ಯುತ್ತಮ. ಬಿರಡೆಯು ಎರಡೂ ದ್ರವಗಳಲ್ಲಿ ಪಲ್ಲಟಗೊಳಿಸುವ ಗಾತ್ರ ಒಂದೇ ಆದ್ದರಿಂದ, ಪಲ್ಲಟಗೊಂಡ ಸೀಮೆಎಣ್ಣೆಯ ದ್ರವ್ಯರಾಶಿಗೂ ಪಲ್ಲಟಗೊಂಡ ನೀರಿನ ದ್ರವ್ಯರಾಶಿಗೂ ಇರುವ ಅನುಪಾತವೇ ಆ ಎರಡು ದ್ರವಗಳ ಸಾಂದ್ರತೆಗಳ ಅನುಪಾತ. ಬಿರಡೆಯ ಗಾತ್ರವಾಗಲಿ ತೂಕವಾಗಲಿ ಎಷ್ಟೆಂದು ತಿಳಿಯುವ ಅಗತ್ಯವೇ ಬೀಳುವುದಿಲ್ಲ.

ಕೊಕ್ಕೆಯಿಲ್ಲದ ತಕ್ಕಡಿಯ ವಿಚಾರ. ಅದು ನಿಜಕ್ಕೂ ಕೊರತೆಯಲ್ಲ. ಬೀಕರಿಗೆ ಅರ್ಧಕ್ಕಿಂತ ತುಸು ಹೆಚ್ಚು ಸೀಮೆಎಣ್ಣೆ ಹಾಕಿ, ಬೀಕರನ್ನೇ ತಕ್ಕಡಿಯ ತಟ್ಟೆಯ ಮೇಲಿಟ್ಟು, ಗುಂಡಿ ಒತ್ತಿ ಸೊನ್ನೆಗೆ ತನ್ನಿ. ಪಕ್ಕದಲ್ಲಿ, ತಕ್ಕಡಿಗೆ ತಾಗದಂತೆ, ಮೇಜಿನ ಮೇಲೆ ಒಂದು ಸ್ಟ್ಯಾಂಡ್ ನಿಲ್ಲಿಸಿ, ಅದರ ತೋಳಿಗೆ ಕಟ್ಟಿದ ತೆಳುವಾದ ನೈಲಾನ್ ದಾರದ ತುದಿಯಲ್ಲಿ ಹರಳನ್ನು ಇಳಿಬಿಡಿ. ಹರಳು ಪೂರ್ತಿ ಮುಳುಗಿರಬೇಕು, ಬೀಕರಿನ ತಳವನ್ನಾಗಲಿ ಬದಿಯನ್ನಾಗಲಿ ಮುಟ್ಟಬಾರದು. ಈಗ ತಕ್ಕಡಿ ತೋರಿಸುವ ಸಂಖ್ಯೆಯು ಹರಳು ಪಲ್ಲಟಗೊಳಿಸಿದ ಸೀಮೆಎಣ್ಣೆಯ ದ್ರವ್ಯರಾಶಿಯಾಗಿರುತ್ತದೆ. ಕಾರಣ ಸರಳವಾದದ್ದು: ದ್ರವವು ಹರಳನ್ನು ಎಷ್ಟು ಬಲದಿಂದ ಮೇಲಕ್ಕೆ ನೂಕುತ್ತದೆಯೋ ಅಷ್ಟೇ ಬಲದಿಂದ ಹರಳು ದ್ರವವನ್ನು ಕೆಳಕ್ಕೆ ನೂಕುತ್ತದೆ, ಹರಳಿನ ತೂಕದಲ್ಲಿ ಆ ಪಾಲು ದ್ರವದ ಮೂಲಕ ತಕ್ಕಡಿಯ ಮೇಲೆ ಬೀಳುತ್ತದೆ, ಉಳಿದ ಪಾಲನ್ನು ದಾರ ಹೊರುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಪಾಠದ ಕೊನೆಯ ಅಭ್ಯಾಸ ಪ್ರಶ್ನೆಗಷ್ಟೇ ಸೀಮಿತವಾಗದೆ ಹೀಗೆ ಕೆಲಸಕ್ಕೆ ಬರುವುದನ್ನು ಮಕ್ಕಳು ಕಣ್ಣಾರೆ ನೋಡಲಿ.

ಆ ಸಂಖ್ಯೆಯನ್ನು ಬರೆದುಕೊಂಡ ಮೇಲೆ ದಾರವನ್ನು ಇನ್ನಷ್ಟು ಸಡಿಲಿಸಿ ಹರಳನ್ನು ತಳದಲ್ಲಿ ಕೂರಿಸಿ. ದಾರ ಪೂರ್ತಿ ಜೋಲುಬಿದ್ದಾಗ ತಕ್ಕಡಿ ತೋರಿಸುವುದು ಹರಳಿನ ಇಡೀ ದ್ರವ್ಯರಾಶಿ. ಹೀಗೆ ಒಂದೇ ಹೂಡಿಕೆಯಲ್ಲಿ ಎರಡೂ ಅಳತೆಗಳು ಸಿಗುತ್ತವೆ. ಹರಳನ್ನು ಮೇಲೆತ್ತಿದಾಗ ಅದಕ್ಕೆ ಅಂಟಿದ ಎಣ್ಣೆಯೂ ಹೊರಗೆ ಬರುವುದರಿಂದ ತಕ್ಕಡಿ ಮತ್ತೆ ಸೊನ್ನೆಗೆ ಮರಳುವುದಿಲ್ಲ. ಅದಕ್ಕೆ ಗಾಬರಿಯಾಗದೆ ಮುಂದಿನ ಅಳತೆಗೆ ಮೊದಲು ಹೊಸದಾಗಿ ಸೊನ್ನೆ ಮಾಡಿಕೊಳ್ಳಿ.

ಅನಂತರ ಬಿರಡೆಯನ್ನು ಅದೇ ಸೀಮೆಎಣ್ಣೆಯಲ್ಲಿ ಇಳಿಬಿಟ್ಟು ಒಂದು ಅಳತೆ, ಒರೆಸಿ ಸೋಪಿನಲ್ಲಿ ತೊಳೆದು ನೀರಿನಲ್ಲಿ ಇಳಿಬಿಟ್ಟು ಇನ್ನೊಂದು ಅಳತೆ ತೆಗೆದುಕೊಳ್ಳಿ. ಲೆಕ್ಕ ಇಷ್ಟೇ: ಹರಳಿನ ದ್ರವ್ಯರಾಶಿಯನ್ನು ಹರಳು ಪಲ್ಲಟಗೊಳಿಸಿದ ಸೀಮೆಎಣ್ಣೆಯಿಂದ ಭಾಗಿಸಿ, ಬಿರಡೆಯ ಸೀಮೆಎಣ್ಣೆಯ ಅಳತೆಯಿಂದ ಗುಣಿಸಿ, ಬಿರಡೆಯ ನೀರಿನ ಅಳತೆಯಿಂದ ಭಾಗಿಸಿ, ಕೊನೆಗೆ ಆ ಉಷ್ಣತೆಯಲ್ಲಿ ನೀರಿನ ಸಾಂದ್ರತೆಯಿಂದ ಗುಣಿಸಬೇಕು. ಘನ ಸೆಂಟಿಮೀಟರಿಗೆ ಗ್ರಾಂ ಲೆಕ್ಕದಲ್ಲಿ ನೀರಿನ ಸಾಂದ್ರತೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 0.9982, 25ರಲ್ಲಿ 0.9970, 27ರಲ್ಲಿ 0.9965, 30ರಲ್ಲಿ 0.9957. ನೀರು ಹತ್ತು ಡಿಗ್ರಿಗೆ ಶೇಕಡ ಕಾಲು ಭಾಗದಷ್ಟು ಮಾತ್ರ ಬದಲಾದರೆ ಸೀಮೆಎಣ್ಣೆ ಅದೇ ಹತ್ತು ಡಿಗ್ರಿಗೆ ಸುಮಾರು ಶೇಕಡ 1ರಷ್ಟು ಹಗುರವಾಗುತ್ತದೆ. ಆದಕಾರಣ ಹರಳು ಮತ್ತು ಬಿರಡೆ ಇವೆರಡರ ಸೀಮೆಎಣ್ಣೆಯ ಅಳತೆಗಳನ್ನು ಬೆನ್ನುಬೆನ್ನಿಗೆ ಮಾಡಿ ಮುಗಿಸಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಎಂದಿಟ್ಟುಕೊಳ್ಳಬೇಡಿ.

ಸುತ್ತಮುತ್ತ ಬೆಂಕಿ ಇರಬಾರದು, ಮೈಲುತುತ್ತ ಮುಟ್ಟಿದ ಕೈ ತೊಳೆಯಬೇಕು ಎಂಬುದನ್ನು ತಮಗೆ ಹೇಳಬೇಕಾಗಿಲ್ಲ.


ಉತ್ತರ: ಡಿಪ್ಲೊಮಾ ವಿದ್ಯಾರ್ಥಿ

ಪ್ರೌಢಶಾಲೆಯ ಮಟ್ಟಕ್ಕೆ ಇಷ್ಟೊಂದು ಬೇಕೇ ಎಂಬುದು ನನ್ನ ಸಂದೇಹ. ಅಳತೆಯ ಸಿಲಿಂಡರಿಗೆ ಸೀಮೆಎಣ್ಣೆ ಹಾಕಿ, ಹರಳನ್ನು ಮುಳುಗಿಸಿ, ಮಟ್ಟ ಎಷ್ಟು ಏರಿತೆಂದು ನೋಡಿದರೆ ಗಾತ್ರ ನೇರವಾಗಿ ಸಿಗುತ್ತದೆ. ಹಾಗೆ ಮಾಡಿದರೆ ಸೀಮೆಎಣ್ಣೆಯ ಸಾಂದ್ರತೆ ಎಷ್ಟಾದರೂ ಆಗಿರಲಿ, ಅದರ ಗೊಡವೆಯೇ ಇರುವುದಿಲ್ಲ. ಆರ್ಕಿಮಿಡೀಸ್ ಮಾಡಿದ್ದೂ ಅದನ್ನೇ ಅಲ್ಲವೇ?


ಉತ್ತರ: ಕಟ್ಟಡ ಸಾಮಗ್ರಿ ಪರೀಕ್ಷಾಲಯದಲ್ಲಿ ಕೆಲಸ ಮಾಡುವವರು

ಸಿಲಿಂಡರಿನ ವಿಧಾನ ತತ್ತ್ವತಃ ಸರಿ, ನಿಖರತೆಯಲ್ಲಿ ಸಾಲದು. ಸುಮಾರು 20 ಗ್ರಾಂ ಹರಳಿನ ಗಾತ್ರ 8 ಘನ ಸೆಂಟಿಮೀಟರಿಗಿಂತ ಬಹಳ ಹೆಚ್ಚಿರಲಾರದು. ಅಷ್ಟು ದಪ್ಪ ಹರಳು ಇಳಿಯುವ ಸಿಲಿಂಡರೆಂದರೆ 100 ಮಿಲಿಲೀಟರಿನದು, ಅದರಲ್ಲಿ ಗೆರೆಗಳ ಅಂತರ 1 ಮಿಲಿಲೀಟರ್. ಮುಳುಗಿಸುವ ಮೊದಲಿನ ಓದಿನಲ್ಲಿ ಅರ್ಧ ಗೆರೆ, ಅನಂತರದ ಓದಿನಲ್ಲಿ ಅರ್ಧ ಗೆರೆ ಹೆಚ್ಚುಕಡಿಮೆಯಾದರೂ ಎಂಟರಲ್ಲಿ ಒಂದು ಪಾಲು ಹೋಯಿತು. ಆ ಅಳತೆಯಿಂದ ಮೈಲುತುತ್ತವನ್ನೂ ಬೆಣಚುಕಲ್ಲನ್ನೂ ಬೇರೆ ಮಾಡಿ ಹೇಳುವುದೇ ಕಷ್ಟವಾಗುತ್ತದೆ.

ಆರ್ಕಿಮಿಡೀಸನ ಕಿರೀಟದ ಕಥೆಯನ್ನು ನಮಗೆ ತಲುಪಿಸಿದವನು ಆತನಿಗಿಂತ ಸುಮಾರು ಎರಡು ಶತಮಾನ ಈಚಿನ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್. ತುಂಬಿದ ಪಾತ್ರೆಯಿಂದ ಚೆಲ್ಲಿದ ನೀರನ್ನು ಅಳೆದು ಕಳ್ಳತನ ಹಿಡಿದನೆಂಬುದು ಅವನ ಹೇಳಿಕೆ. ಇದನ್ನು ಸಂಖ್ಯೆ ಹಾಕಿ ನೋಡಿದರೆ ಸಂದೇಹ ಬರುತ್ತದೆ. 1 ಕಿಲೋಗ್ರಾಂ ಅಪ್ಪಟ ಚಿನ್ನದ ಗಾತ್ರ ಸುಮಾರು 52 ಘನ ಸೆಂಟಿಮೀಟರ್. ಅದರಲ್ಲಿ 300 ಗ್ರಾಂ ಚಿನ್ನ ಕದ್ದು ಅಷ್ಟೇ ತೂಕದ ಬೆಳ್ಳಿ ಬೆರೆಸಿದರೆ ಗಾತ್ರ ಸುಮಾರು 65 ಆಗುತ್ತದೆ. ಕಿರೀಟ ಹಿಡಿಸುವಂಥ 20 ಸೆಂಟಿಮೀಟರ್ ವ್ಯಾಸದ ಪಾತ್ರೆಯಲ್ಲಿ ಈ 13 ಘನ ಸೆಂಟಿಮೀಟರ್ ವ್ಯತ್ಯಾಸದಿಂದ ನೀರಿನ ಮಟ್ಟದಲ್ಲಿ ಆಗುವ ಅಂತರ ಅರ್ಧ ಮಿಲಿಮೀಟರೂ ಇಲ್ಲ. ಅಂಚಿನಲ್ಲಿ ಉಬ್ಬಿ ನಿಲ್ಲುವ ನೀರೇ ಅದಕ್ಕಿಂತ ಹೆಚ್ಚು. ಅದೇ ಕಿರೀಟವನ್ನು ತಕ್ಕಡಿಯ ಒಂದು ತೋಳಿಗೂ ಅದೇ ತೂಕದ ಅಪ್ಪಟ ಚಿನ್ನವನ್ನು ಇನ್ನೊಂದು ತೋಳಿಗೂ ಕಟ್ಟಿ ಎರಡನ್ನೂ ನೀರಿಗಿಳಿಸಿದರೆ 13 ಗ್ರಾಂ ವ್ಯತ್ಯಾಸ ತಾನಾಗಿ ಕಾಣುತ್ತದೆ. 1586ರಲ್ಲಿ, ಇಪ್ಪತ್ತೆರಡರ ಹರೆಯದ ಗೆಲಿಲಿಯೋ ಇದೇ ಆಕ್ಷೇಪವನ್ನೆತ್ತಿ, ಚೆಲ್ಲಿದ ನೀರಿನ ವಿಧಾನ ತೀರಾ ಒರಟಾದದ್ದೆಂದು ವಾದಿಸಿ, ನೀರಿನಲ್ಲಿ ತೂಗುವ ಸಣ್ಣ ತಕ್ಕಡಿಯೊಂದನ್ನು ವಿವರಿಸಿದ. ಗಾತ್ರವನ್ನು ಕಣ್ಣಿನಿಂದ ಓದುವುದಕ್ಕಿಂತ ತೂಕದಿಂದ ಓದುವುದು ಎಂದಿಗೂ ಮೇಲು ಎಂಬುದು ನನ್ನ ಅಭಿಪ್ರಾಯವೂ ಹೌದು.

ಉಪನ್ಯಾಸಕರು ಹೇಳಿದ ಕ್ರಮಕ್ಕೆ ನನ್ನ ದಿನನಿತ್ಯದ ಕೆಲಸದಿಂದ ಕೆಲವು ಎಚ್ಚರಿಕೆಗಳನ್ನು ಸೇರಿಸುತ್ತೇನೆ. ದಾರ ತೆಳುವಾಗಿರಬೇಕೆಂದು ಅವರು ಹೇಳಿದ್ದಕ್ಕೆ ಗಾತ್ರವೊಂದೇ ಕಾರಣವಲ್ಲ. ದಾರವು ದ್ರವದ ಮೇಲ್ಮೈಯನ್ನು ದಾಟುವ ಕಡೆ ದ್ರವ ಅದರ ಸುತ್ತ ಏರಿಕೊಂಡು ನಿಲ್ಲುತ್ತದೆ. ಮೇಲ್ಮೈ ಎಳೆತವು ದಾರವನ್ನು ಕೆಳಕ್ಕೂ ದ್ರವವನ್ನು ಮೇಲಕ್ಕೂ ಎಳೆಯುವುದರಿಂದ ತಕ್ಕಡಿ ತುಸು ಕಡಿಮೆ ತೋರಿಸುತ್ತದೆ, ಪರಿಣಾಮವಾಗಿ ಸಾಂದ್ರತೆ ಇರುವುದಕ್ಕಿಂತ ಹೆಚ್ಚಾಗಿ ಬರುತ್ತದೆ. 1 ಮಿಲಿಮೀಟರ್ ದಪ್ಪದ ಹುರಿಗೆ ನೀರಿನಲ್ಲಿ ಇದು ಸುಮಾರು 0.02 ಗ್ರಾಂ, ಅಂದರೆ ನಿಮ್ಮ ತಕ್ಕಡಿಯಲ್ಲಿ ಕೊನೆಯ ಅಂಕಿಯಲ್ಲಿ ಎರಡು. ಮೀನಿನ ಗಾಳಕ್ಕೆ ಬಳಸುವ 0.2 ಮಿಲಿಮೀಟರ್ ನೈಲಾನ್ ದಾರವಾದರೆ 0.005 ಗ್ರಾಂಗಿಂತ ಕಡಿಮೆ, ತಕ್ಕಡಿಗೆ ತಿಳಿಯುವುದೇ ಇಲ್ಲ. ಸೀಮೆಎಣ್ಣೆಯ ಮೇಲ್ಮೈ ಎಳೆತ ನೀರಿನದಕ್ಕಿಂತ ಬಹಳ ಕಡಿಮೆಯಾದ್ದರಿಂದ ಅಲ್ಲಿ ಇನ್ನೂ ನಿಶ್ಚಿಂತೆ. ಹತ್ತಿಯ ದಾರ ಮಾತ್ರ ಬೇಡ, ಅದು ಎಣ್ಣೆಯನ್ನು ಹೀರಿಕೊಂಡು ಮೇಲಕ್ಕೆಳೆಯುತ್ತಲೇ ಇರುತ್ತದೆ.

ಗಾಳಿಗುಳ್ಳೆಗಳ ಪ್ರಭಾವ ಇದಕ್ಕೆ ವಿರುದ್ಧ ದಿಕ್ಕಿನದು. ಮೇಲ್ಮೈಗೆ ಅಂಟಿದ 3 ಮಿಲಿಮೀಟರ್ ವ್ಯಾಸದ ಒಂದು ಗುಳ್ಳೆ ನೀರಿನಲ್ಲಿ ಸುಮಾರು 0.014 ಗ್ರಾಂ ಹೆಚ್ಚು ಪಲ್ಲಟವನ್ನು ತೋರಿಸಿ ಸಾಂದ್ರತೆಯನ್ನು ಇಳಿಸುತ್ತದೆ. ನಾವು ಜಲ್ಲಿಯ ಸಾಪೇಕ್ಷ ಸಾಂದ್ರತೆಯನ್ನು ಅಳೆಯುವುದು ಭಾರತೀಯ ಮಾನಕ 2386ರ 3ನೆಯ ಭಾಗದ ಪ್ರಕಾರ. 1963ರ ಆ ಮಾನಕದಲ್ಲಿ, ಜಲ್ಲಿ ತುಂಬಿದ ತಂತಿಬುಟ್ಟಿಯನ್ನು ನೀರಿನೊಳಗೇ 25 ಮಿಲಿಮೀಟರ್ ಎತ್ತಿ, ಸೆಕೆಂಡಿಗೆ ಒಂದರಂತೆ 25 ಬಾರಿ ಬೀಳಬಿಡಬೇಕೆಂದು ಬರೆದಿದೆ. ಹೊಸಬರಿಗೆ ಇದು ಪೂಜಾವಿಧಿಯಂತೆ ಕಾಣುತ್ತದೆ, ಆದರೆ ಕಲ್ಲುಗಳ ನಡುವೆ ಸಿಕ್ಕಿಕೊಂಡ ಗಾಳಿಯನ್ನು ಹೊರಡಿಸಲು ಅದಕ್ಕಿಂತ ಸುಲಭದ ದಾರಿಯಿಲ್ಲ. ನೀವು ಬಿರಡೆಯನ್ನು ನೀರಿಗಿಳಿಸಿದಾಗ ದಾರ ಹಿಡಿದು ಮೆಲ್ಲಗೆ ಅಲುಗಿಸಿ, ನೀರಿಗೆ ಪಾತ್ರೆ ತೊಳೆಯುವ ದ್ರವಸೋಪಿನ ಒಂದೇ ಒಂದು ಹನಿ ಬೆರೆಸಿದರೂ ಸಾಕು. ಕುದಿಸಿ ಆರಿಸಿದ ನೀರಾದರೆ ಹೊಸ ಗುಳ್ಳೆಗಳೂ ಹುಟ್ಟುವುದಿಲ್ಲ.


ಮರುಪ್ರಶ್ನೆ: ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ

ತಮ್ಮಿಬ್ಬರ ಸಲಹೆಯಂತೆ ಪ್ರಯೋಗ ಮಾಡಿದೆವು. ಕೋಣೆಯ ಉಷ್ಣತೆ 27 ಡಿಗ್ರಿ. ಹರಳು ಸೀಮೆಎಣ್ಣೆಯಲ್ಲಿ ತೂಗಾಡುತ್ತಿದ್ದಾಗ ತಕ್ಕಡಿ 6.46 ಗ್ರಾಂ ತೋರಿಸಿತು, ತಳದಲ್ಲಿ ಕುಳಿತಾಗ 18.42 ಗ್ರಾಂ. ಗಾಜಿನ ಬಿರಡೆಗೆ ಸೀಮೆಎಣ್ಣೆಯಲ್ಲಿ 9.85, ನೀರಿನಲ್ಲಿ 12.26 ಬಂತು. ಅದರಂತೆ ಸೀಮೆಎಣ್ಣೆಯ ಸಾಂದ್ರತೆ 0.8006, ಹರಳಿನದು 2.283. ಹರಳು ತಳ ಮುಟ್ಟಿದ ಕ್ಷಣದಲ್ಲಿ ಸಂಖ್ಯೆ 6.46ರಿಂದ ಜಿಗಿಯತೊಡಗಿ, ದಾರ ಸಡಿಲವಾದಷ್ಟೂ ಏರುತ್ತ ಹೋಗಿ 18.42ಕ್ಕೆ ನಿಂತದ್ದನ್ನು ನೋಡಿದ ಮೇಲೆ, ದಾರ ಎಷ್ಟು ತೂಕ ಹೊತ್ತಿತ್ತು ಎಂಬುದನ್ನು ಯಾರೂ ವಿವರಿಸಬೇಕಾಗಲಿಲ್ಲ.

ಇನ್ನು ಎರಡು ಸಂದೇಹಗಳಿವೆ. ಇನ್ನೊಂದು ತಂಡದ ಮಕ್ಕಳು ಸುಮಾರು 2 ಗ್ರಾಂ ತೂಗುವ ಸಣ್ಣ ಹರಳಿನಲ್ಲಿ ಇದೇ ಕ್ರಮವನ್ನು ಅನುಸರಿಸಿದಾಗ ಒಮ್ಮೆ 2.25, ಒಮ್ಮೆ 2.31 ಬರುತ್ತಿದೆ. ಹರಳಿನ ಅಳತೆ ಸಣ್ಣದಾದರೆ ಸಾಂದ್ರತೆ ಬದಲಾಗಬಾರದಲ್ಲವೇ? ಎರಡನೆಯದು, ನಮ್ಮ ಊರಿನಲ್ಲಿ ಈಗ ಸೀಮೆಎಣ್ಣೆ ಸಿಗುವುದೇ ಅಪರೂಪ. ಮುಂದಿನ ವರ್ಷದ ಮಕ್ಕಳಿಗೆ ಬೇರೆ ಯಾವ ದ್ರವ ಬಳಸಬಹುದು?


ಉತ್ತರ: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ

ಸಾಂದ್ರತೆ ಬದಲಾಗಿಲ್ಲ ಮೇಡಂ, ತಕ್ಕಡಿಯ ಕೊನೆಯ ಅಂಕಿಗೆ ಬಂದ ಮಹತ್ತ್ವ ಬದಲಾಗಿದೆ. 2 ಗ್ರಾಂ ಹರಳು ಪಲ್ಲಟಗೊಳಿಸುವ ಸೀಮೆಎಣ್ಣೆ ಸುಮಾರು 0.70 ಗ್ರಾಂ. ತಕ್ಕಡಿ 0.69 ತೋರಿಸಿದರೆ ಸಾಂದ್ರತೆ ಸುಮಾರು 2.32, 0.71 ತೋರಿಸಿದರೆ ಸುಮಾರು 2.26. ಮಕ್ಕಳಿಗೆ ಬಂದಿರುವ ಎರಡೂ ಬೆಲೆಗಳು ಇಷ್ಟರೊಳಗೇ, ಅಥವಾ ಅದರ ಅಂಚಿನಲ್ಲೇ ಇವೆ. ಈ ವಿಧಾನದ ನಿಖರತೆ ನಿಂತಿರುವುದು ವಸ್ತುವಿನ ತೂಕದ ಮೇಲಲ್ಲ, ಅದು ಪಲ್ಲಟಗೊಳಿಸುವ ದ್ರವದ ತೂಕದ ಮೇಲೆ. ನಾಲ್ಕು ಅಳತೆಗಳಲ್ಲಿ ಅತಿ ಚಿಕ್ಕದು ಯಾವುದೋ ಅದೇ ಉತ್ತರದ ಹಣೆಬರಹ ಬರೆಯುತ್ತದೆ. ಸಣ್ಣ ಹರಳುಗಳೇ ಇದ್ದರೆ ಹತ್ತಾರನ್ನು ಒಟ್ಟಿಗೆ ತೆಳುವಾದ ಬಲೆಯ ತುಂಡಿನಲ್ಲಿ ಕಟ್ಟಿ ಇಳಿಬಿಡಿ, ಬರಿಯ ಬಲೆಯ ಅಳತೆಯನ್ನು ಬೇರೆಯಾಗಿ ತೆಗೆದು ಕಳೆಯಿರಿ.

ಚಿನ್ನದ ವಿಷಯದಲ್ಲಿ ಈ ಮಿತಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 22 ಕ್ಯಾರಟ್ ಚಿನ್ನದ ಸಾಂದ್ರತೆ, ಬೆರೆಸಿದ ಲೋಹಗಳನ್ನು ಅನುಸರಿಸಿ, 17.8ರ ಆಸುಪಾಸು ಇರುತ್ತದೆ. 10 ಗ್ರಾಂ ಉಂಗುರ ನೀರಿನಲ್ಲಿ ಪಲ್ಲಟಗೊಳಿಸುವುದು ಬರೀ 0.56 ಗ್ರಾಂ ನೀರನ್ನು. ಮನೆಯ ತಕ್ಕಡಿಯಲ್ಲಿ ತೂಗಿದವರಿಗೆ 17.5 ಬಂದರೂ 18.1 ಬಂದರೂ ಅದು ಕೊನೆಯ ಅಂಕಿಯ ಆಟವೇ ಹೊರತು ಅಕ್ಕಸಾಲಿಗನ ಮೋಸಕ್ಕೆ ಸಾಕ್ಷಿಯಲ್ಲ. ಇನ್ನು ಟಂಗ್‌ಸ್ಟನ್ನಿನ ಸಾಂದ್ರತೆ 19.25, ಅಪ್ಪಟ ಚಿನ್ನದ್ದು 19.3, ಒಳಗೆ ಟಂಗ್‌ಸ್ಟನ್ ಇಟ್ಟು ಮೇಲೆ ಚಿನ್ನ ಹೊದಿಸಿದರೆ ಆರ್ಕಿಮಿಡೀಸನೂ ನೀರಿನಿಂದ ಹಿಡಿಯಲಾರ. ಇತ್ತೀಚೆಗೆ ಮನೆಯಲ್ಲೇ ಚಿನ್ನ ಪರೀಕ್ಷಿಸುವ ವಿಡಿಯೋಗಳು ಓಡಾಡುತ್ತಿರುವುದರಿಂದ ಈ ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದೆನಿಸಿತು.

ಸೀಮೆಎಣ್ಣೆಯ ಬದಲಿಗೆ ಬಣ್ಣದ ಅಂಗಡಿಯಲ್ಲಿ ಸಿಗುವ ಟರ್ಪೆಂಟೈನ್ ಆಗುತ್ತದೆ. ಅಡುಗೆಯ ಸೂರ್ಯಕಾಂತಿ ಎಣ್ಣೆಯೂ ಆಗುತ್ತದೆ, ಅದರ ಸಾಂದ್ರತೆ 0.92ರ ಸುಮಾರು, ಆದರೆ ಮಂದವಾದ ದ್ರವವಾದ್ದರಿಂದ ಗುಳ್ಳೆಗಳು ಬೇಗ ಬಿಡುವುದಿಲ್ಲ, ತಕ್ಕಡಿ ಸ್ಥಿರವಾಗಲು ಕಾಯಬೇಕು. ಕೊಬ್ಬರಿ ಎಣ್ಣೆ ಚಳಿಗಾಲದ ಬೆಳಗಿನಲ್ಲಿ ಹೆಪ್ಪುಗಟ್ಟುವುದರಿಂದ ಅದನ್ನು ಬಿಡಿ. ದ್ರವ ಯಾವುದಾದರೇನು, ಬಿರಡೆಯ ಎರಡು ಅಳತೆಗಳನ್ನು ಮಾತ್ರ ಬಿಡಬೇಡಿ.


ಉತ್ತರ: ರಸಾಯನಶಾಸ್ತ್ರ ಸಂಶೋಧನಾ ವಿದ್ಯಾರ್ಥಿನಿ

ಎಣ್ಣೆಯೇ ಬೇಡವೆನ್ನುವವರಿಗೆ ಇನ್ನೊಂದು ದ್ರವ ಶಾಲೆಯಲ್ಲಿ ಈಗಾಗಲೇ ಇದೆ. ಹರಳನ್ನು ಬೆಳೆಸಿದ ಮೈಲುತುತ್ತದ ಪರ್ಯಾಪ್ತ ದ್ರಾವಣವೇ ಅದು. ತನ್ನದೇ ಪರ್ಯಾಪ್ತ ದ್ರಾವಣದಲ್ಲಿ ಹರಳು ಕರಗುವುದಿಲ್ಲ. ಕೋಣೆಯ ಉಷ್ಣತೆಯಲ್ಲಿ ಅದರ ಸಾಂದ್ರತೆ ಹೆಚ್ಚುಕಡಿಮೆ 1.2 ಇರುವುದರಿಂದ ನಿಮ್ಮ ದೊಡ್ಡ ಹರಳು ಅದರಲ್ಲಿ 6.46ರ ಬದಲು 9.7 ಗ್ರಾಂನಷ್ಟು ಪಲ್ಲಟವನ್ನು ತೋರಿಸುತ್ತದೆ, ಅಷ್ಟರಮಟ್ಟಿಗೆ ಕೊನೆಯ ಅಂಕಿಯ ಕಾಟವೂ ಕಡಿಮೆ. ಇದಕ್ಕೆ ಒಂದು ಕಟ್ಟುನಿಟ್ಟಿದೆ: ದ್ರಾವಣವೂ ಹರಳೂ ಒಂದೇ ಉಷ್ಣತೆಯಲ್ಲಿ ರಾತ್ರಿಯಿಡೀ ಒಟ್ಟಿಗೆ ಇದ್ದು ಹೊಂದಿಕೊಂಡಿರಬೇಕು. ದ್ರಾವಣ ಒಂದೆರಡು ಡಿಗ್ರಿ ಬೆಚ್ಚಗಾದರೆ ಹರಳಿನ ಅಂಚುಗಳು ಕರಗತೊಡಗುತ್ತವೆ, ತಣ್ಣಗಾದರೆ ಬಿರಡೆಯ ಮೇಲೂ ದಾರದ ಮೇಲೂ ಹೊಸ ಹರಳುಗಳು ಕೂರುತ್ತವೆ. ತಕ್ಕಡಿಯ ಸಂಖ್ಯೆ ಒಂದೇ ದಿಕ್ಕಿನಲ್ಲಿ ಮೆಲ್ಲಗೆ ಸರಿಯುತ್ತಿದ್ದರೆ ಇದೇ ನಡೆಯುತ್ತಿದೆಯೆಂದು ತಿಳಿಯಿರಿ. ತಕ್ಕಡಿಯ ಲೋಹದ ಭಾಗಗಳ ಮೇಲೆ ಈ ದ್ರಾವಣ ಚೆಲ್ಲದಂತೆ ನೋಡಿಕೊಳ್ಳುವುದೂ ಅಗತ್ಯ, ಕಬ್ಬಿಣವನ್ನು ಅದು ತಿನ್ನುತ್ತದೆ. ಹಾಗೆಯೇ ಇಲ್ಲಿ ಬಿರಡೆಯ ಜಾಗದಲ್ಲಿ ಕಬ್ಬಿಣದ ಬೋಲ್ಟನ್ನು ಬಳಸಲೇಬಾರದು. ತಾಮ್ರ ಅದರ ಮೇಲೆ ಕುಳಿತು ಅಳತೆಯೇ ಕೆಡುತ್ತದೆ.

ಇನ್ನೊಂದು ಮಾತು. ಯಾವುದೇ ಹರಳಿಗೆ ಪುಸ್ತಕದ ಬೆಲೆಗಿಂತ ಸ್ವಲ್ಪ ಕಡಿಮೆ, ಉದಾಹರಣೆಗೆ 2.26, ಬಂದರೆ ತಕ್ಕಡಿಯನ್ನು ದೂರುವ ಮೊದಲು ಹರಳನ್ನು ಬೆಳಕಿಗೆ ಹಿಡಿದು ನೋಡಿ. ಬೇಗ ಬೆಳೆದ ಹರಳುಗಳ ಹೊಟ್ಟೆಯಲ್ಲಿ ಮಂಜುಮಂಜಾದ ಪದರಗಳು ಕಾಣುತ್ತವೆ, ಅವು ಬೆಳೆಯುವಾಗ ಒಳಗೆ ಸಿಕ್ಕಿಕೊಂಡ ದ್ರಾವಣದ ಸಣ್ಣ ಗುಳಿಗಳು. ಅಂಥ ಹರಳಿನ ಸಾಂದ್ರತೆ ನಿಜವಾಗಿಯೂ ಕಡಿಮೆಯೇ ಇರುತ್ತದೆ, ಅಳತೆ ಸರಿಯಾಗಿಯೇ ಇರುತ್ತದೆ. ಒಣಹವೆಯಲ್ಲಿ ಬಹುಕಾಲ ಇಟ್ಟ ಹರಳಿನ ಮೇಲ್ಮೈ ನೀರು ಕಳೆದುಕೊಂಡು ಬಿಳಚಿಕೊಂಡಿದ್ದರೆ ಆ ಪುಡಿಯನ್ನು ಮೊದಲು ಒರೆಸಿ ತೆಗೆಯಿರಿ.


ಪ್ರಶ್ನೆ: ಡಿಪ್ಲೊಮಾ ವಿದ್ಯಾರ್ಥಿ

ಸಿಲಿಂಡರಿನ ವಿಷಯದಲ್ಲಿ ಕೊಟ್ಟ ಲೆಕ್ಕ ಮನದಟ್ಟಾಯಿತು. ಈ ಬೀಕರಿನ ಕ್ರಮದಲ್ಲಿ ತೇಲುವ ವಸ್ತುಗಳನ್ನು, ಉದಾಹರಣೆಗೆ ಮೇಣದ ತುಂಡನ್ನು, ಅಳೆಯುವುದು ಹೇಗೆ? ನಮ್ಮ ಪುಸ್ತಕದಲ್ಲಿ ಭಾರವಾದ ಮುಳುಗುಗುಂಡನ್ನು ಕಟ್ಟಿ ಮೂರು ಬಾರಿ ತೂಗುವ ಕ್ರಮವಿದೆ. ಹಾಗೆಯೇ ಜಂಬಿಟ್ಟಿಗೆಯಂಥ ತೂತುತೂತಾದ ಕಲ್ಲಿಗೆ ಏನು ಮಾಡಬೇಕು?


ಉತ್ತರ: ಕಟ್ಟಡ ಸಾಮಗ್ರಿ ಪರೀಕ್ಷಾಲಯದಲ್ಲಿ ಕೆಲಸ ಮಾಡುವವರು

ಮೇಣಕ್ಕೆ ಗುಂಡು ಬೇಡ. ನೀರಿನ ಬೀಕರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಮೇಣದ ತುಂಡನ್ನು ನೀರಿಗೆ ಹಾಕಿ ತೇಲಲು ಬಿಡಿ. ತಕ್ಕಡಿ ತೋರಿಸುವುದು ಅದರ ದ್ರವ್ಯರಾಶಿ. ಅನಂತರ ತೆಳುವಾದ ಸೂಜಿಯಿಂದ ಅದನ್ನು ನೀರಿನ ಮಟ್ಟದ ಕೆಳಕ್ಕೆ, ತಳ ಮುಟ್ಟದಂತೆ ಒತ್ತಿ ಹಿಡಿಯಿರಿ. ಈಗ ಸಂಖ್ಯೆ ಏರಿ, ಪಲ್ಲಟಗೊಂಡ ನೀರಿನ ಪೂರ್ಣ ದ್ರವ್ಯರಾಶಿಯನ್ನು ತೋರಿಸುತ್ತದೆ. ತೇಲುವಾಗ 9.10, ಒತ್ತಿದಾಗ 10.05 ಬಂದರೆ ಮೇಣದ ಸಾಂದ್ರತೆ 27 ಡಿಗ್ರಿಯಲ್ಲಿ 0.90. ಕೈ ನಡುಗುವವರು ಸೂಜಿಯನ್ನು ಸ್ಟ್ಯಾಂಡಿಗೆ ಬಿಗಿದು, ಅದನ್ನೇ ಕೆಳಕ್ಕೆ ಇಳಿಸಿದರೆ ಆಯಿತು.

ಜಂಬಿಟ್ಟಿಗೆಯ ಪ್ರಶ್ನೆ ಬೇರೆಯೇ ಜಾತಿಯದು, ಏಕೆಂದರೆ ಅಲ್ಲಿ ಅಳತೆಗಿಂತ ಮೊದಲು ಯಾವ ಗಾತ್ರವನ್ನು ಅಳೆಯುತ್ತಿದ್ದೇವೆಂಬುದನ್ನು ತೀರ್ಮಾನಿಸಬೇಕು. ಒಣಗಿದ ಕಲ್ಲನ್ನು ನೇರವಾಗಿ ನೀರಿಗಿಳಿಸಿದರೆ ನೀರು ತೂತುಗಳೊಳಗೆ ನುಗ್ಗುತ್ತ ಹೋಗುವುದರಿಂದ ಸಂಖ್ಯೆ ನಿಲ್ಲುವುದೇ ಇಲ್ಲ. ನಾವು ಜಲ್ಲಿಯನ್ನು 24 ಗಂಟೆ ನೆನೆಸಿಟ್ಟು, ನೀರಿನೊಳಗೆ ತೂಗಿ, ಹೊರತೆಗೆದು ಮೇಲ್ಮೈಯ ಹೊಳಪಿನ ಪಸೆ ಹೋಗುವಷ್ಟು ಮಾತ್ರ ಬಟ್ಟೆಯಿಂದ ಒರೆಸಿ ತೂಗಿ, ಕೊನೆಗೆ ಒಲೆಯಲ್ಲಿ ಒಣಗಿಸಿ ತೂಗುತ್ತೇವೆ. ಒಣ ತೂಕವನ್ನು, ಒರೆಸಿದ ತೂಕಕ್ಕೂ ನೀರಿನೊಳಗಿನ ತೂಕಕ್ಕೂ ಇರುವ ವ್ಯತ್ಯಾಸದಿಂದ ಭಾಗಿಸಿದರೆ ತೂತುಗಳನ್ನೂ ಒಳಗೊಂಡ ಗಾತ್ರದ ಲೆಕ್ಕದ ಬೆಲೆ ಬರುತ್ತದೆ. ಒಣ ತೂಕಕ್ಕೂ ನೀರಿನೊಳಗಿನ ತೂಕಕ್ಕೂ ಇರುವ ವ್ಯತ್ಯಾಸದಿಂದ ಭಾಗಿಸಿದರೆ ನೀರು ತಲುಪಿದ ತೂತುಗಳನ್ನು ಬಿಟ್ಟ ಗಾತ್ರದ ಬೆಲೆ ಬರುತ್ತದೆ. ಗಟ್ಟಿ ಗ್ರಾನೈಟ್ ಜಲ್ಲಿಯಲ್ಲಿ ಇವೆರಡರ ನಡುವಿನ ಅಂತರ ಅತ್ಯಲ್ಪ, ಜಂಬಿಟ್ಟಿಗೆಯಲ್ಲಿ ಅದು ಕಣ್ಣಿಗೆ ಹೊಡೆಯುವಷ್ಟು. ಆದ್ದರಿಂದ ಜಂಬಿಟ್ಟಿಗೆಯ ಸಾಂದ್ರತೆ ಇಷ್ಟು ಎಂದು ಯಾರಾದರೂ ಹೇಳಿದರೆ, ಯಾವ ಗಾತ್ರದಿಂದ ಭಾಗಿಸಿದಿರಿ ಎಂದು ಮೊದಲು ಕೇಳುವುದು ನನ್ನ ಅಭ್ಯಾಸ.


ಉತ್ತರ: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ

ಶಿಕ್ಷಕಿಯವರಿಗೆ ಒಂದು ಸಣ್ಣ ಸೂಚನೆ ಉಳಿದಿತ್ತು. ಮಕ್ಕಳು ಪ್ರಯೋಗ ಪುಸ್ತಕದಲ್ಲಿ 2.283 ಎಂದು ಬರೆಯುವುದು ಬೇಡ. ನಾಲ್ಕು ಅಳತೆಗಳಲ್ಲಿ ಪ್ರತಿಯೊಂದಕ್ಕೂ 0.01 ಗ್ರಾಂ ಅನಿಶ್ಚಿತತೆ ಇದೆಯೆಂದು ಹಿಡಿದರೆ 6.46ರಲ್ಲಿ ಅದು ಸುಮಾರು ಶೇಕಡ 0.15, 9.85ರಲ್ಲಿ 0.10, 12.26ರಲ್ಲಿ 0.08, 18.42ರಲ್ಲಿ 0.05. ಎಲ್ಲವೂ ಒಂದೇ ದಿಕ್ಕಿಗೆ ವಾಲಿದ ಅತಿ ಕೆಟ್ಟ ಸಂದರ್ಭದಲ್ಲಿಯೂ ಒಟ್ಟು ಶೇಕಡ 0.4 ಮೀರುವುದಿಲ್ಲ, ಅಂದರೆ ಸಾಂದ್ರತೆಯಲ್ಲಿ 0.01. ಆದಕಾರಣ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಘನ ಸೆಂಟಿಮೀಟರಿಗೆ 2.28 ಗ್ರಾಂ, 0.01 ಹೆಚ್ಚು ಅಥವಾ ಕಡಿಮೆ, ಎಂದು ಬರೆಯಿಸಿ. ಅದರ ಕೆಳಗೆ ನಾಲ್ಕು ಮೂಲ ಅಳತೆಗಳನ್ನೂ ಹಾಗೆಯೇ ಉಳಿಸಿಕೊಳ್ಳಲಿ. ಮುಂದಿನ ವರ್ಷ ಟರ್ಪೆಂಟೈನಿನಲ್ಲಿಯೋ ಪರ್ಯಾಪ್ತ ದ್ರಾವಣದಲ್ಲಿಯೋ ಅದೇ ಹರಳನ್ನು ತೂಗುವವರಿಗೆ ಹೋಲಿಸಿ ನೋಡಲು ಅವು ಬೇಕಾಗುತ್ತವೆ.